ಇಬ್ಬರಿಗೂ ಆಗಿದೆ

ಫೆಬ್ರವರಿ 25

ಮೊಂಡಿ,

ಬಸ್ಸು ಹತ್ತಿ ಹೋದವಳು ತಲುಪಿದೆ ಅಂತ ಒಂದು ಗೆರೆ ಗೀಚಬಾರದೇನೇ? ನಿಮ್ಮ ಆ ಕಣಿವೆಗೆ ಫೋನು ಬರುವ ಹೊತ್ತಿಗೆ ನನ್ನ ಹಲ್ಲೆಲ್ಲ ಉದುರಿರುತ್ತವೆ. ಶನಿವಾರಕ್ಕೊಮ್ಮೆ ಬರುವ ಆ ಜೀಪನ್ನೇ ನಂಬಿಕೊಂಡು ಬರೆಯುತ್ತಿದ್ದೇನೆ. ನಿನ್ನ ನೀರಿನ ಸಾಹೇಬರಿಗೆ ಹೇಳು, ಹೊಳೆ ಎಷ್ಟೇರಿತು ಎಷ್ಟಿಳಿಯಿತು ಅಂತ ದಿನವಿಡೀ ವೈರ್‌ಲೆಸ್ಸಿನಲ್ಲಿ ಕೂಗುವ ಮನುಷ್ಯ, ಹೆಂಡತಿ ತಲುಪಿದಳು ಅಂತ ಒಂದು ಮಾತು ಕೂಗಿದ್ದರೆ ಅಣೆಕಟ್ಟೇನೂ ಒಡೆಯುತ್ತಿರಲಿಲ್ಲ.

ಇಲ್ಲಿಯ ಸುದ್ದಿ ಕೇಳು. ನೀನು ಹೋದ ಮಾರನೆಯ ದಿನವೇ ನನ್ನ ಮಗಳು ತರಲೆಯ ಮೈತುಂಬ ಗುಳ್ಳೆ. ಬೆಳಿಗ್ಗೆ ಹೊಟ್ಟೆಯ ಮೇಲೆ ಮೂರು ನಾಲ್ಕು ಕೆಂಪು ಚುಕ್ಕೆ ಇತ್ತು, ಸೊಳ್ಳೆ ಕಚ್ಚಿರಬೇಕು ಅಂದುಕೊಂಡೆ. ಸಂಜೆ ನೋಡಿದರೆ ಬೆನ್ನು, ಕುತ್ತಿಗೆ, ತಲೆಕೂದಲ ಒಳಗೆಲ್ಲ ನೀರು ತುಂಬಿದ ಗುಳ್ಳೆ. ಡಾಕ್ಟರಮ್ಮ ನೋಡಿದವರೇ, "ಚಿಕನ್‌ಪಾಕ್ಸ್, ಗಾಬರಿ ಬೇಡ" ಅಂದರು. ನಮ್ಮ ಕಾಲದ ಸೀತಾಳ ಸಿಡುಬು. ಆರೋಗ್ಯವಾಗಿರುವ ಮಕ್ಕಳಿಗೆ ದೊಡ್ಡ ಔಷಧಿಯೇನೂ ಬೇಡವಂತೆ, ತಾನಾಗಿ ಬಂದು ತಾನಾಗಿ ಹೋಗುತ್ತದಂತೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಿರಪ್ಪು. "ಆಸ್ಪಿರಿನ್ ಮಾತ್ರ ತಪ್ಪಿಯೂ ಕೊಡ್ಬೇಡಿ" ಅಂತ ಎರಡು ಸಲ ಹೇಳಿದರು. ತುರಿಕೆಗೆ ಗುಲಾಬಿ ಬಣ್ಣದ ಕ್ಯಾಲಮೈನ್, ಉಗುರುಬೆಚ್ಚಗಿನ ನೀರಿನ ಸ್ನಾನ, ಸಡಿಲವಾದ ಹತ್ತಿ ಬಟ್ಟೆ. ಕೆರೆದರೆ ಕೀವಾಗಿ ಕಲೆ ಉಳಿಯುತ್ತದಂತೆ, ಅದಕ್ಕೆ ಉಗುರನ್ನೆಲ್ಲ ಕತ್ತರಿಸಿದ್ದೇನೆ. ಗುಳ್ಳೆಯೆಲ್ಲ ಒಣಗಿ ಹಕ್ಕಳೆ ಕಟ್ಟುವ ತನಕ ಶಾಲೆ ಇಲ್ಲ. ಆ ಒಂದು ಮಾತು ಕೇಳಿ ತರಲೆಗೆ ಜ್ವರವೇ ಅರ್ಧ ಇಳಿಯಿತು.

ಕೆಳಗೆ ಬೇಕರಿಯಲ್ಲಿ ವ್ಯಾಪಾರ ತಣ್ಣಗಾಗಿದೆ. ಅಂಚೆಯವನ ಹೆಂಡತಿ ಬಂದು, ಎಳ್ಳು ಹಾಕಿದ ಬನ್ನು ಬೇಡ, ನೋಡಿದರೆ ಗುಳ್ಳೆ ನೆನಪಾಗುತ್ತದೆ ಅಂದಳು. ನಿನ್ನ ಭಾವ ಒಳಗಿನಿಂದಲೇ, "ಹಾಗಾದ್ರೆ ಕನ್ನಡಿ ನೋಡ್ಬೇಡಿ, ನಿಮ್ಮ ಮೂಗಿನ ಮೇಲೂ ಒಂದಿದೆ" ಅಂದರು. ಅವಳಿನ್ನು ಒಂದು ತಿಂಗಳು ಈ ಕಡೆ ತಲೆ ಹಾಕುವುದಿಲ್ಲ ಬಿಡು.

ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಇದು ಅಂಟುತ್ತದಂತೆ. ಇಲ್ಲಿದ್ದಷ್ಟೂ ದಿನ ನೀನೇ ಅವಳನ್ನು ತಬ್ಬಿ ಮಲಗಿದ್ದೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಆದರೆ ನಿನಗೆ ಚಿಂತೆಯಿಲ್ಲ. ನಮಗಿಬ್ಬರಿಗೂ ಚಿಕ್ಕಂದಿನಲ್ಲೇ ಆಗಿದೆ. ದೊಡ್ಡವಳಿಗೆ ಬಂದಾಗ ಚಿಕ್ಕವಳನ್ನೂ ಅದೇ ಹಾಸಿಗೆಗೆ ಹಾಕಿದೆ, ಒಂದೇ ಕಲ್ಲಿಗೆ ಎರಡು ಹಕ್ಕಿ ಅಂತ ಅಮ್ಮ ಸಾಯುವ ತನಕ ಜಂಬ ಕೊಚ್ಚುತ್ತಿದ್ದಳಲ್ಲ. ಒಂದು ಸಲ ಆದವರಿಗೆ ಸಾಮಾನ್ಯವಾಗಿ ಮತ್ತೆ ಆಗುವುದಿಲ್ಲವಂತೆ.

ಕಾಗದ ಬರೆ. ಸೋಮಾರಿ.

ನಿನ್ನ ಅಕ್ಕ

ಮಾರ್ಚ್ 1

ಅಕ್ಕಾ,

ಇದನ್ನು ಕಳಿಸುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ.

ನನಗೆ ನಾಲ್ಕು ತಿಂಗಳು. ಮೊನ್ನೆ ಬಟ್ಟೆ ಕೊಳ್ಳಲು ಬಂದೆ ಅಂದದ್ದು ಸುಳ್ಳು, ಆಸ್ಪತ್ರೆಗೆ ತೋರಿಸಲು ಬಂದಿದ್ದೆ. ಹೋದ ಸಲ ಎರಡು ತಿಂಗಳಿಗೇ ನಿನಗೆ ಹೇಳಿದೆ. ನೀನು ಖುಷಿ ತಡೆಯಲಾರದೆ ಬೀದಿಗೆಲ್ಲ ಬನ್ನು ಹಂಚಿದೆ. ಅದು ಉಳಿಯಲಿಲ್ಲ. ಆಮೇಲೆ ನಾನು ಬಂದಾಗಲೆಲ್ಲ ಅಂಚೆಯವನ ಹೆಂಡತಿ ಮೊದಲು ನನ್ನ ಹೊಟ್ಟೆ ನೋಡಿ, ಆಮೇಲೆ ಮುಖ ನೋಡಿ, "ಪರವಾಗಿಲ್ಲ ಬಿಡಮ್ಮ, ಇನ್ನೂ ವಯಸ್ಸಿದೆ" ಅನ್ನುತ್ತಿದ್ದಳು. ಅದಕ್ಕೂ ಮುಂಚಿನದೂ ಹೀಗೇ ಆಯಿತು. ನಿನ್ನ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಅಕ್ಕಾ. ನೀನು ಒಳ್ಳೆಯವಳೇ, ಆದರೂ ನೆನೆಯುವುದಿಲ್ಲ. ಐದು ತುಂಬುವ ತನಕ ಯಾರಿಗೂ ಬೇಡ ಅಂತ ನಾವಿಬ್ಬರೂ ಅಂದುಕೊಂಡಿದ್ದೇವೆ.

ಈಗ ನಿನ್ನ ಕಾಗದ ಬಂತು. ಆಸ್ಪತ್ರೆಯಲ್ಲಿ ಕೊಟ್ಟ ಪುಸ್ತಿಕೆ ತೆಗೆದು ನೋಡಿದೆ. ಬಸುರಿಯರಿಗೆ ಚಿಕನ್‌ಪಾಕ್ಸ್ ಬಂದರೆ ಹಗುರವಲ್ಲವಂತೆ. ಮುಂಚೆ ಬಂದಿರದವರು ರೋಗಿಯ ಹತ್ತಿರ ಇದ್ದಿದ್ದರೆ, ಗುಳ್ಳೆಗೆ ಕಾಯದೆ ಕೂಡಲೇ ಡಾಕ್ಟರ ಬಳಿ ಹೋಗಬೇಕಂತೆ. ರಕ್ತ ಪರೀಕ್ಷೆ ಮಾಡಿ ಇಂಜೆಕ್ಷನ್ ಕೊಡುತ್ತಾರೆ, ತಡವಾದರೆ ಅದು ಹಿಡಿಯುವುದಿಲ್ಲ. ಅದರ ಕೆಳಗೇ, ಮುಂಚೆ ಬಂದಿದ್ದವರು ಹೆದರಬೇಕಾಗಿಲ್ಲ ಅಂತಲೂ ಇದೆ. ಆ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದೇನೆ.

ಈ ಜೀಪಿನಲ್ಲೇ ಹೋಗೋಣ ಅಂದರು ಇವರು. ಆ ರಸ್ತೆಯಲ್ಲಿ ಇನ್ನೊಂದು ಸಲ ಕುಲುಕಿಸಿಕೊಂಡು ಹೋಗಲು ನನಗೆ ಭಯ. ಆಗಿದೆ ಅಂತ ಅಕ್ಕನೇ ಬರೆದಿದ್ದಾಳಲ್ಲ ಅಂದೆ. ಜೀಪಿನವನು ಹಾರ್ನ್ ಹಾಕುತ್ತಿದ್ದಾನೆ. ಕಳಿಸಲು ಬೇರೆ ಕಾಗದ ಬರೆಯುತ್ತೇನೆ.

ಮಾರ್ಚ್ 1

ಅಕ್ಕಾ,

ತಲುಪಿದ್ದೇನೆ. ನಾವು ಚೆನ್ನಾಗಿದ್ದೇವೆ. ತರಲೆಗೆ ಒಂದು ಮುತ್ತು ಕೊಡು, ಗುಳ್ಳೆ ಇಲ್ಲದ ಕಡೆ.

ಒಂದು ವಿಷಯ. ನನಗೂ ಆಗಿತ್ತು ಅನ್ನುವುದು ಖಂಡಿತವೇ? ನೀನು ಕಣ್ಣಾರೆ ನೋಡಿದ್ದೀಯಾ? ನಾನಾಗ ತೀರ ಚಿಕ್ಕವಳು, ನೆನಪಿಲ್ಲ. ಅಪ್ಪನನ್ನೋ ಚಿಕ್ಕಮ್ಮನನ್ನೋ ಕೇಳಿ ಬೇಗ ಬರೆ. ಮರೆಯಬೇಡ. ಸುಮ್ಮನೆ ಕೇಳಿದೆ ಅಷ್ಟೆ.

ಜೀಪು ನಿಂತಿದೆ.

ತಂಗಿ

ಮಾರ್ಚ್ 5

ಮೊಂಡಿ,

ಸುಮ್ಮನೆ ಕೇಳಿದಳಂತೆ! ನಿನ್ನ ಸುಮ್ಮನೆ ಎಂಥದ್ದು ಅಂತ ನನಗೆ ಗೊತ್ತಿಲ್ಲವೇ? ಮುಖಕ್ಕೆ ಕಲೆ ಬಿದ್ದೀತು ಅಂತ ಭಯ ನಿನಗೆ. ಅಲ್ಲವೇ, ಆ ಕಣಿವೆಯಲ್ಲಿ ನಿನ್ನ ಚಂದ ನೋಡುವವರು ಯಾರಿದ್ದಾರೆ? ನಿನ್ನ ಸಾಹೇಬರು ಮತ್ತು ಎರಡು ಮೇಕೆ. ಸಾಹೇಬರ ಕಣ್ಣು ಹೊಳೆಯ ಮೇಲೆ, ಮೇಕೆಯ ಕಣ್ಣು ಎಲೆಯ ಮೇಲೆ.

ಆದರೂ ಕೇಳಿದೆ. ಅಪ್ಪ ಪೇಪರಿನಿಂದ ತಲೆ ಎತ್ತದೆ, "ಇಬ್ಬರಿಗೂ ಆಗಿದೆ" ಅಂದರು. "ಸರಿಯಾಗಿ ನೆನಪು ಮಾಡ್ಕೊಳಿ ಅಪ್ಪಾ" ಅಂದರೆ, "ಒಂದ್ಸಲ ಹೇಳಿದ್ನಲ್ಲ" ಅಂತ ಗದರಿದರು. ನನಗೂ ನೆನಪಿದೆ. ಮಹಡಿಯ ಕೋಣೆ, ಒಂದೇ ಹಾಸಿಗೆ, ನಿನ್ನ ತಣ್ಣನೆಯ ಪಾದ ನನ್ನ ಹೊಟ್ಟೆಗೆ ತಾಗಿ ನಾನು ಒದ್ದದ್ದು, ನೀನು ಊರು ಕೇಳುವ ಹಾಗೆ ಅತ್ತದ್ದು. ಆ ಹಾಸಿಗೆಯಲ್ಲಿ ನೀನಿದ್ದೆ ಅಂದಮೇಲೆ ಆಗಿಯೇ ಇರಬೇಕು. ಭಾನುವಾರ ಬ್ರೆಡ್ಡಿಗೆ ಚಿಕ್ಕಮ್ಮ ಬರುತ್ತಾಳೆ, ಅವಳನ್ನೂ ಕೇಳುತ್ತೇನೆ, ನಿನ್ನ ಸಮಾಧಾನಕ್ಕೆ.

ತರಲೆಯ ಗುಳ್ಳೆಗಳು ಒಣಗಿವೆ. ಹಾಯಾಗಿರು.

ನಿನ್ನ ಅಕ್ಕ

ಮಾರ್ಚ್ 9

ಮೊಂಡಿ,

ತಮಾಷೆ ಕೇಳು. ಚಿಕ್ಕಮ್ಮ ಈಗಷ್ಟೇ ಹೋದಳು. ನಿನ್ನ ಪ್ರಶ್ನೆ ಕೇಳಿದ್ದೇ ತಡ, ಬ್ರೆಡ್ಡಿನ ಚೀಲ ಕೆಳಗಿಟ್ಟು ನಗಲಿಕ್ಕೆ ಹತ್ತಿದಳು.

"ಅವಳಿಗೆಲ್ಲೇ ಆಯ್ತು? ನಿನ್ನ ಗುಳ್ಳೆ ಹಸಿ ಇರೋವಾಗ ಅವಳನ್ನ ಪಕ್ಕದಲ್ಲಿ ಮಲಗಿಸೋಕೆ ನಿಮ್ಮಮ್ಮನಿಗೆ ಧೈರ್ಯವೇ ಬರ್ಲಿಲ್ಲ. ಅಷ್ಟೂ ದಿನ ಚಿಕ್ಕದು ನಮ್ಮನೇಲೇ ಇತ್ತು. ನಿನ್ನ ಹಕ್ಕಳೆ ಎಲ್ಲ ಉದುರಿದ ಮೇಲೆ ತಂದು ಮಲಗಿಸಿದ್ಲು. ಆಮೇಲೆ ಮಲಗಿಸಿದ್ರೆ ಏನು ಬರತ್ತೆ, ಮಣ್ಣು? ಎರಡು ದಿನ ಬಿಟ್ಟು ಇವಳ ಕತ್ತಿನ ಮೇಲೆ ಬೆವರುಸಾಲೆ ಎದ್ದಿದ್ದೇ ಸಾಕಾಯ್ತು, 'ನೋಡು, ಇವಳಿಗೂ ಆಯ್ತು' ಅಂದ್ಲು ನಿಮ್ಮಮ್ಮ. ನಾನ್ಯಾಕೆ ಅವಳ ಸಂತೋಷ ಕೆಡಿಸ್ಲಿ ಅಂತ ಸುಮ್ನಿದ್ದೆ."

ನಾನೂ ಬಿದ್ದು ಬಿದ್ದು ನಕ್ಕೆ. ಇಷ್ಟು ವರ್ಷ ಒಂದು ಬೆವರುಸಾಲೆಯ ಮೇಲೆ ನಮ್ಮ ಮನೆತನದ ಜಂಬ ನಿಂತಿತ್ತು!

ಅಂದರೆ ನಿನಗೆ ಆಗಿಲ್ಲ. ಈಗ ಬಂದರೂ ಬರಬಹುದು. ದೊಡ್ಡವರಿಗೆ ಸ್ವಲ್ಪ ಜೋರಂತೆ. ಔಷಧಿ ಅಂಗಡಿಯವನನ್ನು ವಿಚಾರಿಸಿದೆ. ಗುಳ್ಳೆ ಕಂಡ ದಿನವೇ ಡಾಕ್ಟರಿಗೆ ತೋರಿಸಬೇಕಂತೆ, ದೊಡ್ಡವರಿಗೆ ವೈರಸ್ಸಿನ ಮಾತ್ರೆ ಕೊಡುತ್ತಾರೆ, ಮೊದಲ ದಿನವೇ ಶುರು ಮಾಡಿದರೆ ಅದರ ಗುಣ ಜಾಸ್ತಿ. ಮಾತಿನ ನಡುವೆ ಅವನು, "ಅವ್ರೇನು ಬಸುರಿ ಅಲ್ವಲ್ಲ?" ಅಂತ ಕೇಳಿಬಿಟ್ಟ. ಅಲ್ಲಪ್ಪಾ ಅಂದೆ. "ಹಾಗಾದ್ರೆ ಅಷ್ಟೊಂದು ಯೋಚನೆ ಬೇಡ" ಅಂದ. ನಿನಗೆ ನೋವಾಗುವ ಪ್ರಶ್ನೆಯನ್ನು ನನ್ನ ಮುಂದೆ ಕೇಳಿದನಲ್ಲ ಅಂತ ಒಳಗೊಳಗೇ ಸಿಟ್ಟು ಬಂತು ಕಣೇ.

ನಿನ್ನೆಯ ಜೀಪು ಹೋಯಿತು. ಇದು ಮುಂದಿನ ಶನಿವಾರ ನಿನ್ನ ಕೈ ಸೇರುತ್ತದೆ. ಏನೂ ಅವಸರವಿಲ್ಲ ಬಿಡು.

ನಿನ್ನ ಅಕ್ಕ

ಮಾರ್ಚ್ 12

ಅಕ್ಕಾ,

ಐದನೇ ತಾರೀಕಿನ ನಿನ್ನ ಕಾಗದ ಶನಿವಾರ ಬಂತು. ಅಪ್ಪ ಹೇಳಿದ್ದು ಓದಿ ಸಮಾಧಾನವಾಯಿತು. ಆ ಸಂಜೆ ತುಂಬಾ ದಿನದ ಮೇಲೆ ಹಸಿವಾಯಿತು.

ಭಾನುವಾರದಿಂದ ಎದೆಯ ಮೇಲೆ ಬೆವರುಸಾಲೆ. ಇಲ್ಲಿ ಸೆಕೆ ಶುರುವಾಗಿದೆ. ಇವರು, "ಇದು ಅದೇ ಅಲ್ವಾ?" ಅಂದರು. ನಿನ್ನ ಕಾಗದ ತೋರಿಸಿದೆ. ಓದಿ ಮಡಿಸಿಟ್ಟರು. ನಿನ್ನೆಯಿಂದ ಮುಖಕ್ಕೂ ಬಂದಿದೆ. ಜ್ವರವಿದೆ. ಕೆಮ್ಮು. ನೀರಿನ ಕೊಡ ಎತ್ತಿಟ್ಟರೆ ಸ್ವಲ್ಪ ಹೊತ್ತು ಗೋಡೆ ಹಿಡಿದು ನಿಲ್ಲಬೇಕು.

ಇವರು ವೈರ್‌ಲೆಸ್ ಮುಂದೆ ಕೂತಿದ್ದಾರೆ. ನೀರಿನ ಲೆಕ್ಕ ಹೇಳಿ ಮುಗಿಯಿತು, ಆದರೂ ಎದ್ದಿಲ್ಲ. ನನ್ನನ್ನೇ ನೋಡುತ್ತಿದ್ದಾರೆ.

ಒಂದು ಸಲ ಆದವರಿಗೆ ಮತ್ತೆ ಆಗುವುದಿಲ್ಲ ತಾನೆ?

ತಂಗಿ

ಮಾರ್ಚ್ 18

ಮೊಂಡಿ,

ನಿನ್ನ ಕಾಗದ ಇವತ್ತು ಸಿಕ್ಕಿತು. ಅದಕ್ಕೂ ಮೊದಲೇ ನಿನ್ನ ಯಜಮಾನರ ಫೋನು ಬಂದಿತ್ತು. "ಬೆವರುಸಾಲೆ ಅಲ್ಲ, ಅದೇ. ಶ್ವಾಸಕೋಶಕ್ಕೆ ಹೋಗಿದೆ. ವೈರ್‌ಲೆಸ್ಸಲ್ಲಿ ಹೇಳಿ ಜೀಪು ತರಿಸ್ಕೊಂಡೆ, ಈಗ ಜಿಲ್ಲಾ ಆಸ್ಪತ್ರೇಲಿದೀವಿ" ಅಂದರು. ಕೂಡಲೇ ಬರುತ್ತೇನೆ, ನನಗೆ ನಿಜವಾಗಿ ಆಗಿದೆ, ನನಗೆ ಅಂಟುವುದಿಲ್ಲ ಅಂದೆ. ಅವರು, "ಬೇಡ ಅಕ್ಕಾ, ಯಾರೂ ಬೇಡ ಅಂತಿದಾಳೆ" ಅಂದರು.

ನನ್ನ ಒಂಬತ್ತನೇ ತಾರೀಕಿನ ಕಾಗದ ನಿನಗೆ ಸಿಕ್ಕಿರಲಿಕ್ಕಿಲ್ಲ. ಸಿಕ್ಕಿದ್ದರೆ ಬೆವರುಸಾಲೆ ಅನ್ನುತ್ತಿರಲಿಲ್ಲ.

ನಿನ್ನ ಯಜಮಾನರ ದನಿಯನ್ನು ನಾನು ಹಾಗೆ ಕೇಳಿಯೇ ಇರಲಿಲ್ಲ. ನೀವಿಬ್ಬರೂ ನನ್ನಿಂದ ಏನೋ ಮುಚ್ಚಿಡುತ್ತಿದ್ದೀರಿ. ಏನದು? ತುಂಬಾ ಕಷ್ಟವಾಗುತ್ತಿದೆಯೇ? ಒಂದು ಗೆರೆ ಬರೆ. ನಿನ್ನ ಕೈಯಲ್ಲೇ ಬರೆ.

ಅಕ್ಕ

ಏಪ್ರಿಲ್ 3

ಅಕ್ಕಾ,

ಕ್ವಾರ್ಟರ್ಸಿಗೆ ವಾಪಸ್ಸು ಬಂದೆವು. ಒಂಬತ್ತನೇ ತಾರೀಕಿನ ನಿನ್ನ ಕಾಗದ ಬಾಗಿಲ ಸಂದಿಯಲ್ಲಿತ್ತು. ಓದಿದೆ.

ಔಷಧಿ ಅಂಗಡಿಯವನಿಗೆ ನೀನು ಅಲ್ಲ ಅಂದೆ. ಹೌದು. ನಾಲ್ಕು ತಿಂಗಳು ಆಗಿತ್ತು. ನಿನಗೆ ಹೇಳಿರಲಿಲ್ಲ. ಈಗ ಇಲ್ಲ.

ಆಸ್ಪತ್ರೆಯಲ್ಲಿ ಬೇರೆ ಕೋಣೆ ಕೊಟ್ಟಿದ್ದರು, ಬಾಗಿಲು ಯಾವಾಗಲೂ ಮುಚ್ಚಿರುತ್ತಿತ್ತು. ಮುಂಚೆ ಚಿಕನ್‌ಪಾಕ್ಸ್ ಬಂದಿದ್ದ ನರ್ಸುಗಳು ಮಾತ್ರ ಒಳಗೆ ಬರುತ್ತಿದ್ದರು. ಔಷಧಿಯನ್ನು ರಕ್ತನಾಳಕ್ಕೇ ಹಾಕಿದರು. ಮೂಗು ಬಾಯಿಗೆ ಆಮ್ಲಜನಕದ ಮಾಸ್ಕು. ಗುಳ್ಳೆ ನಾಲಿಗೆಯ ಮೇಲೂ ಇತ್ತು, ನೀರು ನುಂಗಿದರೆ ಉರಿ. ನಾಲ್ಕನೆಯ ದಿನ ಹೊಟ್ಟೆ ನೋವು ಬಂತು. ಆಮೇಲೆ ನಿಂತಿತು.

ಡಾಕ್ಟರು, "ಚಿಕನ್‌ಪಾಕ್ಸಿಂದಲೇ ಅಂತ ಖಂಡಿತವಾಗಿ ಹೇಳಕ್ಕಾಗಲ್ಲ. ನಿಮ್ಮ ಆಕ್ಸಿಜನ್ ತುಂಬಾ ಇಳಿದಿತ್ತು" ಅಂದರು. ಸೋಂಕು ತಗುಲಿದ ವಾರದಲ್ಲೇ ಬಂದಿದ್ದರೆ ಇಂಜೆಕ್ಷನ್ ಇತ್ತು ಅಂತಲೂ ಅಂದರು. ಬಸ್ಸು ಎಷ್ಟು ಹೊತ್ತಿಗೆ ಅಂತ ಹೇಳುವ ಹಾಗೆ ಹೇಳಿದರು. ನಾನೂ ಹಾಗೇ ಕೇಳಿಸಿಕೊಂಡೆ.

ಗಂಡೋ ಹೆಣ್ಣೋ ಅಂತ ನಾನು ಕೇಳಲಿಲ್ಲ. ಇವರಿಗೆ ಗೊತ್ತು. ಇವರು ಹೇಳಿಲ್ಲ.

ಅಳು ಬಂದಿಲ್ಲ. ಮೈಯೆಲ್ಲ ಮರಗಟ್ಟಿದ ಹಾಗಿದೆ. ಇವತ್ತು ಕುತ್ತಿಗೆಯ ಮೇಲಿನ ಒಂದು ಹಕ್ಕಳೆ ಬೆರಳಿಗೆ ಸಿಕ್ಕಿತು, ಕಿತ್ತುಬಿಟ್ಟೆ. ರಕ್ತ ಬಂತು, ನೋವಾಗಲಿಲ್ಲ.

ಯಾರಿಗೂ ಹೇಳಬೇಡ.

ತಂಗಿ

ಏಪ್ರಿಲ್ 10

ಮೊಂಡಿ,

ಯಾರಿಗೂ ಹೇಳಿಲ್ಲ. ನಿನ್ನ ಭಾವನಿಗೂ ಇಲ್ಲ.

ಅಂಗಡಿಯಲ್ಲಿ ನಿಂತು ಬನ್ನು ಕಟ್ಟಿಕೊಡುತ್ತೇನೆ. "ತಂಗಿ ಹೇಗಿದಾಳೆ?" ಅಂತ ಕೇಳುತ್ತಾರೆ. ಚೆನ್ನಾಗಿದ್ದಾಳೆ ಅನ್ನುತ್ತೇನೆ. ನಿನ್ನೆ ಎರಡು ತಟ್ಟೆ ಬ್ರೆಡ್ಡು ಒಲೆಯಲ್ಲೇ ಕರಕಲಾಯಿತು, ವಾಸನೆ ಬಂದರೂ ನನಗೆ ತಿಳಿಯಲಿಲ್ಲ. ನಿನ್ನ ಭಾವ ಬೈದರು. ಬೈದದ್ದು ಹಿತವಾಯಿತು.

ನಾನು ಬಿದ್ದು ಬಿದ್ದು ನಕ್ಕ ದಿನವೇ ನಿನಗೆ ಗುಳ್ಳೆ ಎದ್ದದ್ದು. ನನ್ನನ್ನು ಬೈದು ಒಂದು ಕಾಗದ ಬರೆ. ಬಾಯಿಗೆ ಬಂದದ್ದನ್ನೆಲ್ಲ ಬರೆ.

ಅಕ್ಕ

ಜೂನ್ 14

ಮೊಂಡಿ,

ಇದಕ್ಕೂ ಉತ್ತರ ಬರುವುದಿಲ್ಲವೇನೋ. ಆದರೂ ಬರೆಯುತ್ತೇನೆ.

ತರಲೆಯ ಮೈ ತಿಳಿಯಾಗಿದೆ, ಹಣೆಯಲ್ಲಿ ಒಂದು ಕುಳಿ ಮಾತ್ರ ಉಳಿದಿದೆ. ಬೇಕರಿಗೆ ಹೊಸ ಕೆಲಸದವಳು ಬಂದಿದ್ದಾಳೆ, ಹೊಸದಾಗಿ ಮದುವೆಯಾದವಳು. ಮೊದಲ ದಿನವೇ, "ನಿಂಗೆ ಚಿಕನ್‌ಪಾಕ್ಸ್ ಆಗಿದೆಯಾ? ಆಗಿದೆ ಅಂದ್ರೆ ನೋಡಿದವ್ರು ಯಾರು?" ಅಂತ ಕೇಳಿದೆ. ಪಾಪ, ಹೆದರಿ ಮೈದಾ ಚೀಲದ ಹಿಂದೆ ನಿಂತಳು. ಆಗಿಲ್ಲವಂತೆ. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಸುರಿನಲ್ಲಿ ಆ ಲಸಿಕೆ ಹಾಕುವ ಹಾಗಿಲ್ಲವಂತೆ, ಮೊದಲೇ ಹಾಕಿಸಿಕೊಳ್ಳಬೇಕು. ಹಾಕಿಸಿದೆ. ಎರಡನೆಯದಕ್ಕೂ ಕರೆದುಕೊಂಡು ಹೋಗುತ್ತೇನೆ.

ಮೊನ್ನೆ ಅಪ್ಪ ಯಾರೋ ಗಿರಾಕಿಯ ಹತ್ತಿರ, "ನಮ್ಮ ಹುಡುಗೀರಿಬ್ಬರಿಗೂ ಆಗಿದೆ" ಅನ್ನುತ್ತಿದ್ದರು. ನಾನು ತಿದ್ದಲಿಲ್ಲ. ಈಗ ಅದು ಸುಳ್ಳೂ ಅಲ್ಲವಲ್ಲ.

ಬರೆಯಲು ಮನಸ್ಸಿಲ್ಲದಿದ್ದರೆ ಖಾಲಿ ಹಾಳೆಯನ್ನಾದರೂ ಲಕೋಟೆಗೆ ಹಾಕಿ ಕಳಿಸೇ. ನಿನ್ನ ಕೈ ತಾಗಿದ್ದು ಅಂತ ಇಟ್ಟುಕೊಳ್ಳುತ್ತೇನೆ.

ಅಕ್ಕ

ಜುಲೈ 19

ಅಕ್ಕಾ,

ನಿನ್ನ ಕಾಗದಗಳೆಲ್ಲ ಬಂದಿವೆ. ಬರೆಯಲು ಕೂತರೆ ಕೈ ಓಡುವುದಿಲ್ಲ.

ಬೈದು ಬರೆ ಅಂದೆ. ಬೈಯಲು ಸಿಟ್ಟು ಬರಬೇಕಲ್ಲ. ನಾನು ಮುಚ್ಚಿಟ್ಟೆ. ನೀನು ನಕ್ಕೆ. ಅಪ್ಪ ಪೇಪರು ಓದುತ್ತಿದ್ದರು. ಅಮ್ಮ ನನ್ನನ್ನು ಆ ಹಾಸಿಗೆಗೆ ಹಾಕಲು ಹೆದರಿದಳು, ಅದೂ ನನ್ನ ಮೇಲಿನ ಪ್ರೀತಿಗೇ. ಇದರಲ್ಲಿ ಯಾರನ್ನು ಬೈಯಲಿ?

ಇವರು ಬೆಳಿಗ್ಗೆ ಹೋಗಿ ನೀರಿನ ಮಟ್ಟ ನೋಡಿ ಬರುತ್ತಾರೆ. ನಾನು ಅಡಿಗೆ ಮಾಡುತ್ತೇನೆ. ಎಷ್ಟೋ ದಿನ ಉಪ್ಪು ಹಾಕುವುದೇ ಮರೆಯುತ್ತದೆ, ಇಬ್ಬರಿಗೂ ಗೊತ್ತಾಗುವುದಿಲ್ಲ. ಮೇಕೆ ಮರಿ ಹಾಕಿತು. ಚೆನ್ನಾಗಿದೆ ಅಂದೆ. ಚೆನ್ನಾಗಿದೆ ಅನ್ನಿಸಲಿಲ್ಲ.

ನಿನ್ನೆ ಊಟ ಮಾಡುತ್ತಾ ಇವರು, "ಹೆಣ್ಣು" ಅಂದರು. ಅಷ್ಟೇ ಅಂದದ್ದು. ಹೌದಾ ಅಂದೆ. ತಟ್ಟೆ ತೊಳೆದಿಟ್ಟೆ.

ನಿನಗೆ ಬಾ ಅನ್ನುವುದಿಲ್ಲ. ಬರಬೇಡ ಅನ್ನುವುದೂ ಇಲ್ಲ.

ತಂಗಿ

ಜುಲೈ 24

ಮೊಂಡಿ,

ಶನಿವಾರದ ಜೀಪಿಗೆ ನಾನೇ ಬರುತ್ತಿದ್ದೇನೆ. ಈ ಕಾಗದವೂ ಅದೇ ಜೀಪಿನಲ್ಲಿ ಬರುತ್ತದೆ, ಗೊತ್ತು. ಆದರೂ ಹೇಳದೆ ಬಂದೆ ಅನ್ನಬೇಡ.

ಅಕ್ಕ

ಫೆಬ್ರವರಿ 7

ಅಕ್ಕಾ,

ಜಿಲ್ಲಾ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಇಲ್ಲಿಂದ ಫೋನೇ ಮಾಡಬಹುದಿತ್ತು. ಮಾಡಲು ಹೋಗಿ ಇಟ್ಟುಬಿಟ್ಟೆ.

ನನಗೆ ಎರಡು ತಿಂಗಳು. ಈಗ ತಾನೇ ಗೊತ್ತಾಯಿತು. ಇವರು ಹೊರಗೆ ಜೀಪಿನವನ ಜೊತೆ ನಿಂತಿದ್ದಾರೆ, ಅವರಿಗೂ ಇನ್ನೂ ಹೇಳಿಲ್ಲ. ಮೊದಲು ನಿನಗೆ.

ನರ್ಸು ಎಲ್ಲ ಕೇಳಿ ಬರೆದುಕೊಂಡಳು. "ಚಿಕನ್‌ಪಾಕ್ಸ್ ಆಗಿತ್ತಾ?" ಅಂದಳು. ಆಗಿದೆ ಅಂದೆ. "ಖಾತ್ರಿನಾ? ಎಲ್ಲರೂ ಸುಮ್ನೆ ಆಗಿದೆ ಅಂತಾರೆ" ಅಂದಳು. ಕುತ್ತಿಗೆಯ ಕಲೆ ತೋರಿಸಿದೆ. ಅದಕ್ಕೆ ಮೆಲ್ಲಗೆ ಬೆರಳು ತಾಗಿಸಿ ನೋಡಿ, "ಒಳ್ಳೇದಾಯ್ತು ಬಿಡಿ, ಇನ್ನು ಇದರ ಭಯ ಇಲ್ಲ" ಅಂದಳು. ಅವಳಿಗೇನು ಗೊತ್ತು? ಸರಿ ಅಂದೆ.

ನೀನು ಬಂದು ನಮ್ಮ ಜೊತೆ ಅಷ್ಟು ದಿನ ಇದ್ದಾಗ ನಾವು ಅದರ ಮಾತೇ ಎತ್ತಲಿಲ್ಲ. ನೀನು ಪಾತ್ರೆ ತೊಳೆದೆ, ನಾನು ಒರೆಸಿದೆ. ಹೊರಡುವಾಗ ನೀನು ಬೆನ್ನು ತಿರುಗಿಸಿ ಅತ್ತದ್ದನ್ನು ನೋಡಿದೆ. ನಾನೂ ಅಳಬೇಕಿತ್ತು, ಬರಲಿಲ್ಲ.

ಈಗಲೂ ಖುಷಿಯಾಗಿಲ್ಲ ಅಕ್ಕಾ. ಆಗಬೇಕಿತ್ತು ಅಂತ ಗೊತ್ತು. ಭಯವಾಗುತ್ತಿದೆ. ಒಂದು ವರ್ಷದಲ್ಲಿ ನನಗೆ ಏನಾದರೂ ಅನ್ನಿಸಿರುವುದು ಇದೇ ಮೊದಲು. ಅದಕ್ಕೇ ಬರೆದೆ.

ತಂಗಿ